ಏಳನೇ ಎಪಿಸೋಡು: ನಲವತ್ತು ಸೆಕೆಂಡಿನ ಸ್ಪಾನ್ಸರ್ ಮಾತಿಗೆ ಮೂರು ವಾರ

ಕೊನೆಗೂ ನಮ್ಮ ಪಾಡ್‌ಕಾಸ್ಟಿನ ಏಳನೇ ಎಪಿಸೋಡು ನಿನ್ನೆ ರಾತ್ರಿ ಅಪ್‌ಲೋಡ್ ಆಯ್ತು. ರೆಕಾರ್ಡಿಂಗು, ಉಸಿರಿನ ಸದ್ದು ತೆಗೆಯೋದು, ಇಕ್ಯೂ (ಧ್ವನಿಯ ದಪ್ಪ-ತೆಳು ಸರಿ ಮಾಡೋದು) ಎಲ್ಲ ನಿಮಗೆ ಗೊತ್ತಿರೋದೇ, ಅದನ್ನ ಮತ್ತೆ ಬರೆಯಲ್ಲ. ಈ ಸಲ ನನ್ನ ತಲೆ ತಿಂದಿದ್ದು ನಲವತ್ತು ಸೆಕೆಂಡಿನ ಒಂದು ಸ್ಪಾನ್ಸರ್ ಮಾತು, ಅದೊಂದನ್ನೇ ಹೇಳ್ತೀನಿ.

ನಮ್ಮದು ಬರ, ನೆರೆ, ನಿರಾಶ್ರಿತರು, ಲಸಿಕೆ ಅಂತ ಬೇರೆ ಬೇರೆ ದೇಶಗಳ ವಿಷಯ ಕನ್ನಡದಲ್ಲಿ ಮಾತಾಡೋ ಪಾಡ್‌ಕಾಸ್ಟು. ಆರು ಎಪಿಸೋಡು ಸಂಬಳದ ದುಡ್ಡಲ್ಲೇ ಆಯ್ತು. ಈಗ ಮೊದಲ ಸ್ಪಾನ್ಸರ್ ಸಿಕ್ಕಿದ್ರು, ನಮ್ಮೂರಲ್ಲಿ ವಾಟರ್ ಫಿಲ್ಟರ್ ಅಂಗಡಿ ಇಟ್ಟಿರೋ ಯಜಮಾನ್ರು, ಅವರ ಮಗ ನನ್ನ ಹತ್ರ ಓದಿದ ಹುಡುಗ. ಎಪಿಸೋಡಿಗೆ 5,000 ರೂಪಾಯಿ. ಖುಷಿಗೆ ಅವತ್ತು ಮನೇಲಿ ಪಾಯಸ.

ಎಪಿಸೋಡಿನ ವಿಷಯ 1971ರ ಬನಗಾಂವ್, ಪಶ್ಚಿಮ ಬಂಗಾಳದ ಗಡಿ ಊರು. ಪೂರ್ವ ಪಾಕಿಸ್ತಾನದಿಂದ (ಈಗಿನ ಬಾಂಗ್ಲಾದೇಶ) ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದ ವರ್ಷ ಅದು, ಶಿಬಿರಗಳಲ್ಲಿ ಕಾಲರಾ, ಬನಗಾಂವ್ ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು, ಡಾಕ್ಟರ್ ದಿಲೀಪ್ ಮಹಲನಬಿಸ್ ಆ ಹೊಲಸಲ್ಲೇ ಮಂಡಿಯೂರಿ ಕೂತು ಡ್ರಿಪ್ ಹಾಕ್ತಿದ್ರು, ಆಮೇಲೆ ಡ್ರಿಪ್ಪಿನ ಸಲೈನೇ ಮುಗೀತಾ ಬಂತು. ಆಗ ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಕುಡಿಸೋಕೆ ಶುರು ಮಾಡಿದ್ರು. ಕಲ್ಕತ್ತಾದಲ್ಲಿ ಪುಡಿ ತೂಕ ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಇಸ್ತ್ರಿಪೆಟ್ಟಿಗೇಲಿ ಬಾಯಿ ಅಂಟಿಸಿ ಕಳಿಸ್ತಿದ್ರು, ಮನೆಯವರೇ ರೋಗಿಗೆ ಕುಡಿಸ್ತಿದ್ರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು 3.6ಕ್ಕೆ ಇಳೀತು. ಈ ಭಾಗ ಓದುವಾಗ ನನ್ನ ಗಂಟಲು ಕಟ್ಟಿತ್ತು, ಅದನ್ನ ಎಡಿಟ್ ಮಾಡದೆ ಹಂಗೇ ಬಿಟ್ಟಿದೀನಿ.

ಈಗ ಸಮಸ್ಯೆಗೆ ಬರ್ತೀನಿ. ಯಜಮಾನ್ರು ಜಾಹೀರಾತು ಮಾಡಿಸೋಕೆ ಒಂದು ಏಜೆನ್ಸಿಗೆ ಕೊಟ್ಟಿದ್ರು. ಏಜೆನ್ಸಿಯವರು ಮಧ್ಯದಲ್ಲೇ ಬರ್ಬೇಕು, ಶುರುವಲ್ಲಿ ಹಾಕಿದ್ರೆ ಜನ ಕೇಳದೆ ಮುಂದಕ್ಕೆ ಓಡಿಸಿಬಿಡ್ತಾರೆ ಅಂದ್ರು. ಮಾರ್ಕರ್, ಅಂದ್ರೆ ಜಾಹೀರಾತು ಬರೋ ಜಾಗದ ಗುರುತು, ಇಟ್ಟಿದ್ದು ಹನ್ನೆರಡನೇ ನಿಮಿಷಕ್ಕೆ. ಮೊದಲ ಸಲ ಪೂರ್ತಿ ಕೇಳಿದಾಗ ಆಗಿದ್ದು ಹೀಗೆ: "ಸಲೈನ್ ಬಾಟಲಿ ಇನ್ನೆರಡು ದಿನಕ್ಕೂ ಸಾಲಲ್ಲ" ಅಂತ ನಾನು ಹೇಳಿ ನಿಲ್ಲಿಸ್ತೀನಿ, ತಕ್ಷಣ ಡ್ರಮ್ ಬಡಿದು ಒಬ್ಬ "ಕಾಲರಾ ಭಯಾನಾ? ಚಿಂತೆ ಬಿಡಿ!" ಅಂತ ಕಿರಿಚ್ತಾನೆ. ಹೆಡ್‌ಫೋನ್ ಕಿತ್ತು ಟೇಬಲ್ ಮೇಲೆ ಇಟ್ಟೆ.

ಮೊದಲು ಇದು ಲೌಡ್‌ನೆಸ್ ಸಮಸ್ಯೆ ಅಂದ್ಕೊಂಡೆ. ನಮ್ಮದು ಮೈನಸ್ 16 ಲಫ್ಸು (ಸದ್ದಿನ ಜೋರು ಅಳೆಯೋ ಮಾನ), ಅವರ ಫೈಲು ಮೈನಸ್ 9, ಅಂದ್ರೆ ತುಂಬಾ ಜೋರು. ಇಳಿಸಿದ್ರೆ ಸದ್ದು ಕಮ್ಮಿ ಆಗುತ್ತೆ, ಒಳಗಿನ ಕ್ಲಿಪ್ಪಿಂಗ್, ಅಂದ್ರೆ ಅತಿ ಜೋರಾಗಿ ಒಡೆದ ಸದ್ದು, ಹೋಗಲ್ಲ, ಅದೂ ಅಲ್ದೆ ವಾಟ್ಸಾಪಲ್ಲಿ ಬಂದ ಫೈಲು. ಕುಗ್ಗಿಸದ ವೇವ್ ಫೈಲ್ ಕಳಿಸಿ ಅಂತ ನಾಲ್ಕು ಸಲ ಫೋನ್ ಮಾಡಿದೀನಿ, ಐದನೇ ದಿನಕ್ಕೆ ಬಂತು, ಸ್ಪೆಕ್ಟ್ರೋಗ್ರಾಂ (ಸದ್ದಿನ ಚಿತ್ರ) ತೆಗೆದು ನೋಡಿದ್ರೆ 16 ಕಿಲೋಹರ್ಟ್ಸಿಂದ ಮೇಲೆ ಕತ್ತರಿಸಿಟ್ಟಂಗೆ ಖಾಲಿ, ಅಂದ್ರೆ ಅದೇ ಕುಗ್ಗಿಸಿದ ಎಂಪಿತ್ರೀಯನ್ನ ವೇವ್ ಅಂತ ಸೇವ್ ಮಾಡಿ ಕೊಟ್ಟಿದಾರೆ! ದುಡ್ಡು ತಗೊಂಡು ಮಾಡೋ ಕೆಲಸ ಇದಾ ಅಂತ ನಿಜಕ್ಕೂ ಸಿಟ್ಟು ಬಂತು.

ಆಮೇಲೆ ಜಾಗ ಬದಲಾಯಿಸಿ ನೋಡಿದೆ. 3.6 ಅನ್ನೋ ಮಾತಾದ ಮೇಲೆ ಹಾಕಿದ್ರೆ ಇನ್ನೂ ಕೆಟ್ಟದಾಗಿ ಕೇಳ್ಸುತ್ತೆ, ಜನ ಬದುಕಿದ್ದೇ ಈ ಫಿಲ್ಟರಿಂದ ಅನ್ನೋ ಹಂಗೆ. ಅಲ್ಲಿ ಆಗಿದ್ದು ಚಿಕಿತ್ಸೆಯ ಕಥೆ, ಫಿಲ್ಟರ್ ಸುದ್ದಿಯೇ ಬರಲ್ಲ. ಸರಿ, ಏಜೆನ್ಸಿ ಧ್ವನಿ ಬಿಟ್ಟು ಅದೇ ಸಾಲುಗಳನ್ನ ನಾನೇ ಮೆಲ್ಲಗೆ ಓದಿದೆ. ಅದಂತೂ ಆಗಲೇ ಇಲ್ಲ, ಹನ್ನೆರಡು ನಿಮಿಷ ಆ ಜನರ ಬಗ್ಗೆ ಮಾತಾಡಿದ ಬಾಯಲ್ಲೇ ಅವರ ಭಯ ಮಾರ್ದಂಗೆ ಅನ್ನಿಸ್ತು. ಎರಡನೇ ವಾರ ಮುಗೀತು.

ಶನಿವಾರ ಸ್ಕೂಲ್ ಬಿಟ್ಟ ಮೇಲೆ ಲ್ಯಾಪ್‌ಟಾಪ್ ಎತ್ಕೊಂಡು ಅಂಗಡಿಗೇ ಹೋದೆ. ಯಜಮಾನ್ರ ಕಿವಿಗೆ ಹೆಡ್‌ಫೋನ್ ಕೊಟ್ಟು ಶುರುವಿಂದ ಹಾಕ್ದೆ, ಏನೂ ಹೇಳಲಿಲ್ಲ. ಅವರು ಕೌಂಟರ್ ಮೇಲೆ ಬಿಲ್ ಬುಕ್ ಮುಚ್ಚಿಟ್ಟು ಕಣ್ಣು ಮುಚ್ಕೊಂಡು ಕೇಳಿದ್ರು, ಬಂದ ಗಿರಾಕಿಗೂ ಕೈ ಸನ್ನೆ ಮಾಡಿ ಕೂರಿಸಿದ್ರು. ಡ್ರಮ್ ಬಡೀತಿದ್ದಂಗೆ ಬೆಚ್ಚಿ ಹೆಡ್‌ಫೋನ್ ತೆಗೆದ್ರು. "ಮೇಷ್ಟ್ರೇ, ಇದು ಸಾವಿನ ಮನೇಲಿ ಅಂಗಡಿ ಹಾಕ್ದಂಗಾಯ್ತು. ತೆಗೀರಿ ಇದನ್ನ." ಅಷ್ಟೇ. ಎರಡು ವಾರ ನಾನು ಸಾಫ್ಟ್‌ವೇರಲ್ಲಿ ಹುಡುಕಿದ್ದು ಅವರಿಗೆ ಹನ್ನೆರಡೂವರೆ ನಿಮಿಷಕ್ಕೆ ಸಿಕ್ತು.

ಅಲ್ಲೇ ಕೂತು ಇಬ್ರೂ ಹೊಸದು ಬರೆದ್ವಿ. ಅಂಗಡಿ ಹೆಸರು, ಇದು ದುಡ್ಡು ತಗೊಂಡು ಹೇಳ್ತಿರೋ ಮಾತು ಅನ್ನೋದು, ಆ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದು, ಎಪಿಸೋಡಲ್ಲಿ ಏನು ಹೇಳ್ಬೇಕು ಅನ್ನೋದು ನಮ್ಮದೇ ತೀರ್ಮಾನ ಅನ್ನೋದು. ಕಾಲರಾ ಅನ್ನೋ ಪದ ಇಲ್ಲ, ಮ್ಯೂಸಿಕ್ ಇಲ್ಲ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಇನ್‌ಫ್ಲುಯೆನ್ಸರುಗಳಿಗೆ ಅಂತ ತಂದ ನಿಯಮದಲ್ಲಿ ಆಡಿಯೋ ಆದ್ರೆ ಶುರುವಲ್ಲೂ ಕೊನೇಲೂ ಹೇಳ್ಬೇಕು ಅಂತಿದೆ, ನಾವೂ ಎರಡೂ ಕಡೆ ಹಾಕಿದೀವಿ, ಮಧ್ಯದ ಮಾರ್ಕರ್ ಅಳಿಸಿದೆ. ಗಾರ್ಡಿಯನ್ ಪತ್ರಿಕೆಯ ಜಾಗತಿಕ ಅಭಿವೃದ್ಧಿ ವಿಭಾಗಕ್ಕೆ 2010ರಲ್ಲಿ ಶುರುವಾದಾಗಿಂದ ಗೇಟ್ಸ್ ಫೌಂಡೇಶನ್ ದುಡ್ಡು ಬಂದಿದೆ, ಅದನ್ನವರು ಪುಟದಲ್ಲೇ ಬರೆದು ಹಾಕ್ತಾರೆ. ಅಷ್ಟು ದೊಡ್ಡ ಪತ್ರಿಕೆಯೇ ಹೇಳ್ಕೊಳ್ಳುತ್ತೆ ಅಂದ್ಮೇಲೆ 5,000 ರೂಪಾಯಿಗೂ ಹೇಳ್ಬೇಕು. ಮುಂದೆ ನೀರಿನ ಬಗ್ಗೆ ಎಪಿಸೋಡು ಮಾಡಿದ್ರೆ ಆ ಸಲಕ್ಕೆ ಇವರ ದುಡ್ಡು ಬೇಡ ಅಂತಾನೂ ಮಾತಾಯ್ತು, ಒಪ್ಪಿದ್ರು.

ಈ ಮಧ್ಯೆ ಎಂಟನೇದು ತಲೇಲಿ ಓಡ್ತಿದೆ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ ಹತ್ತು ವರ್ಷ ಮನೆ ಮನೆಗೆ ಹೋಗಿ ಸುಮಾರು 1.2 ಕೋಟಿ ಮನೆಗಳಲ್ಲಿ ತಾಯಂದಿರಿಗೆ ಭೇದಿ ಆದವರಿಗೆ ಕುಡಿಸೋ ನೀರು ಮಾಡೋದನ್ನ ಕಲಿಸಿದ್ರು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಎಷ್ಟು ಮನೆಗೆ ಹೋದ್ರಿ ಅಂತಲ್ಲ, ಆಮೇಲೆ ಹೋಗಿ ಕೇಳಿದಾಗ ತಾಯಿಗೆ ಎಷ್ಟು ನೆನಪಿದೆ, ಸರಿಯಾಗಿ ಮಾಡ್ತಾಳಾ ಅಂತ ನೋಡಿ ಅವರಿಗೆ ಸಂಬಳ. ಬೆಲ್ಲ ಅಂದ್ರೆ ನಮ್ಮ ಮಂಡ್ಯದೋರಿಗೆ ಬಿಡಿಸಿ ಹೇಳ್ಬೇಕಾ! ನಿನ್ನೆ ಅಡುಗೆಮನೆ ತಕ್ಕಡೀಲಿ ತೂಗಿದ್ವಿ, ಅಮ್ಮನ ಹಿಡಿ 24 ಗ್ರಾಂ, ನನ್ನದು 38. ಇಷ್ಟು ವ್ಯತ್ಯಾಸ ಇಟ್ಕೊಂಡು ಅವರು ಅಷ್ಟು ಮನೇಲಿ ಹೆಂಗೆ ಕಲಿಸಿದ್ರು ಅನ್ನೋದೇ ಇಡೀ ಎಪಿಸೋಡು. ನೀವು ಮನೇಲಿ ಪ್ರಯೋಗ ಮಾಡಕ್ಕೆ ಹೋಗ್ಬೇಡಿ, ಈಗ ಮೆಡಿಕಲ್ ಶಾಪಲ್ಲಿ ಓಆರ್‌ಎಸ್ ಪ್ಯಾಕೆಟ್ ಸಿಗುತ್ತೆ, ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ.

ಇನ್ನು ಉಳಿದಿರೋದು ಒಂದು, ಕೊನೆಯ ಸ್ಪಾನ್ಸರ್ ಸಾಲಲ್ಲಿ "ಫಿಲ್ಟರ್" ಅನ್ನೋ ಕಡೆ ನನ್ನ ಪಾಪ್ ಶೀಲ್ಡ್ (ಮೈಕ್ ಮುಂದಿನ ಜಾಲರಿ) ದಾಟಿ ಗಾಳಿ ಹೊಡೆದಿದೆ. ಯಜಮಾನ್ರು ಕೇಳಿ ಪರವಾಗಿಲ್ಲ ಬಿಡಿ ಅಂದ್ರು, ಆದ್ರೂ ಭಾನುವಾರ ಮತ್ತೆ ಓದಿ ಫೈಲ್ ಬದಲಾಯಿಸ್ತೀನಿ.