ನಾಮ್ ಫೋ ಊರಿನ ಅಡಿಕೆ ಮರಗಳ ಕೆಳಗೆ

ವಿಯೆಟ್ನಾಂ ಅಂದರೆ ನಮ್ಮ ಶಿರಸಿ ಕಡೆಯ ಬೆಳೆಗಾರರಿಗೆ ಮೊದಲು ನೆನಪಾಗುವುದು ಕಾಳುಮೆಣಸು. ಮೆಣಸಿನ ದರ ಬಿದ್ದಾಗಲೆಲ್ಲ ಪೇಟೆಯ ಕಟ್ಟೆ ಮೇಲೆ ಕೂತವರು "ವಿಯೆಟ್ನಾಂ ಮಾಲು ಬಂತು, ಮತ್ತೆಂತ" ಎನ್ನುತ್ತಾರೆ. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ರಫ್ತು ಮಾಡುವ ದೇಶ ಅದು, ಹಾಗಾಗಿ ಆ ಮಾತು ಸುಳ್ಳೇನೂ ಅಲ್ಲ. ನನ್ನ ಅಪ್ಪನೂ ಅದೇ ಕಟ್ಟೆಯವನು. ಅವನನ್ನು 2025ರ ಫೆಬ್ರವರಿಯಲ್ಲಿ, ಕೊನೆಕೊಯ್ಲು, ಅಂದರೆ ಅಡಿಕೆ ಗೊಂಚಲಿನ ಕೊಯ್ಲು, ಮುಗಿದು ಅಡಿಕೆ ಚೀಲಕ್ಕೆ ಬಿದ್ದ ಮೇಲೆ, ವಿಯೆಟ್ನಾಂಗೇ ಕರೆದುಕೊಂಡು ಹೋದೆ. ಅಪ್ಪನಿಗೆ ಕನ್ನಡ ಬಿಟ್ಟರೆ ವ್ಯಾಪಾರಕ್ಕೆ ಬೇಕಾದಷ್ಟು ಹಿಂದಿ. ನನಗೆ ಇಂಗ್ಲಿಷ್ ಬರುತ್ತದೆ, ಆದರೆ ಅಲ್ಲಿ ಹೋಟೆಲ್ ಬಾಗಿಲು ದಾಟಿದರೆ ಅದು ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ.

ಬೆಂಗಳೂರಿನಿಂದ ಹೋ ಚಿ ಮಿನ್ ನಗರಕ್ಕೆ ವಿಮಾನದಲ್ಲಿ ಹೋದೆವು. ಅಲ್ಲಿಂದ ಮಧ್ಯ ವಿಯೆಟ್ನಾಂನ ಹುಯೆ ನಗರಕ್ಕೆ ರೈಲು ಹಿಡಿದೆವು. ಸಾವಿರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ, ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿಯ ದಾರಿ. ಅವರ ಹೊಸ ವರ್ಷದ ಹಬ್ಬ ಈಗಷ್ಟೇ ಮುಗಿದಿತ್ತು, ರೈಲು ತುಂಬಿ ತುಳುಕುತ್ತಿತ್ತು, ನಮಗೆ ಸಿಕ್ಕಿದ್ದು ಮೇಲಿನ ಎರಡು ಬರ್ತ್. ಅಪ್ಪನಿಗೆ ಮೊಣಕಾಲು ನೋವು. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು ಒಂದು ಗಳಿಗೆ ನಿಂತ, ಅಷ್ಟೇ. ಕೆಳಗಿನ ಬರ್ತಿನಲ್ಲಿ ಮಲಗಿದ್ದ ಹುಡುಗ ಎದ್ದು ತನ್ನ ಹಾಸಿಗೆ ಕೊಡವಿ, ದಿಂಬು ಸರಿಮಾಡಿ, ಅಪ್ಪನ ಭುಜ ಹಿಡಿದು ಕೂರಿಸಿ, ತಾನು ಸರಸರ ಮೇಲೆ ಹತ್ತಿ ಮಲಗಿದ. ನಾವು ಕೇಳಿರಲಿಲ್ಲ. ಕೇಳಲು ಮಾತೂ ಇರಲಿಲ್ಲ.

ಮರುದಿನ ಡಾ ನಾಂಗ್ ದಾಟಿದ ಮೇಲೆ ರೈಲು ನಿಧಾನ ಆಯಿತು. ಹಾಯ್ ವಾನ್ ಘಾಟಿ ಅದು. ಒಂದು ಕಡೆ ಕಾಡು ತುಂಬಿದ ಗುಡ್ಡ, ಇನ್ನೊಂದು ಕಡೆ ಕೆಳಗೆ ಕಡಲು. ಸಹ್ಯಾದ್ರಿ ಕಡಲಿಗೇ ಬಂದು ನಿಂತಂತಿರುವ ಕಾರವಾರವನ್ನು ನೋಡಿದವರಿಗೆ ಆ ಜಾಗ ಪರಕೀಯ ಅನಿಸುವುದಿಲ್ಲ. ಅಪ್ಪ ಕತ್ತು ಚಾಚಿ ನೋಡುತ್ತಿದ್ದ. ಕಿಟಕಿ ಪಕ್ಕ ಕೂತಿದ್ದ ಹೆಂಗಸು ಅದನ್ನು ಗಮನಿಸಿದಳು. ನಿದ್ದೆ ಮಾಡುತ್ತಿದ್ದ ತನ್ನ ಮಗುವನ್ನು ಎತ್ತಿ ತೊಡೆ ಮೇಲೆ ಹಾಕಿಕೊಂಡು ಜಾಗ ಬಿಟ್ಟಳು. ಜೊತೆಗೆ ಎರಡು ಕಿತ್ತಳೆ ಹಣ್ಣನ್ನೂ ಕೊಟ್ಟಳು.

ಹುಯೆ ದೊಡ್ಡ ಇತಿಹಾಸದ ಊರು. 1802ರಿಂದ 1945ರವರೆಗೆ ನ್ಗುಯೆನ್ ರಾಜರ ರಾಜಧಾನಿ. ಅರಮನೆ, ಕೋಟೆ, ಸಮಾಧಿಗಳೆಲ್ಲ 1993ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿವೆ. ನೋಡಲೇಬೇಕು, ನಾವೂ ನೋಡಿದೆವು. ಆದರೆ ಅಪ್ಪನ ಕಣ್ಣು ಇದ್ದಿದ್ದು ಮನೆಗಳ ಅಂಗಳದ ಮೇಲೆ. ಹಳೆಯ ಮನೆಗಳ ಮುಂದೆ ಸಾಲಾಗಿ ಅಡಿಕೆ ಮರ! ಮನೆ ಹಿಂದೆ ಬಾಳೆ, ಮುಂದೆ ಅಡಿಕೆ ಇರಬೇಕು ಅಂತ ಅಲ್ಲಿ ಗಾದೆಯೇ ಇದೆ. ನಾವು ಉಳಿದಿದ್ದ ಮನೆಯ ಹುಡುಗಿ ಅಪ್ಪ ಮರ ನೋಡುತ್ತಾ ನಿಲ್ಲುವುದನ್ನು ನೋಡಿ ನೋಡಿ, ಕೊನೆಗೊಂದು ದಿನ ಚೀಟಿಯಲ್ಲಿ ಒಂದು ಊರಿನ ಹೆಸರು ಬರೆದುಕೊಟ್ಟಳು. ನಾಮ್ ಫೋ. ಸುಣ್ಣ ಇಂಥ ಸಂತೆಯಲ್ಲಿ ಕೊಳ್ಳು, ಅಡಿಕೆ ನಾಮ್ ಫೋದಲ್ಲಿ ಕೊಳ್ಳು, ಎಲೆ ದಿನ್ ಸಂತೆಯಲ್ಲಿ ಕೊಳ್ಳು ಅಂತ ಅವರ ಜನಪದ ಹಾಡೊಂದು ಹೇಳುತ್ತದೆ. ಎಲೆ ಹೊನ್ನಾವರದ್ದು, ಅಡಿಕೆ ಶಿರಸಿಯದ್ದು ಎನ್ನುವ ನಮಗೆ ಇಷ್ಟು ಸಾಕಲ್ವಾ? ಬಾಡಿಗೆ ಸೈಕಲ್ ತೆಗೆದುಕೊಂಡು ಹೊರಟೆವು. ಪೇಟೆಯಿಂದ ಐದಾರು ಕಿಲೋಮೀಟರ್, ತುವಾನ್ ಆನ್ ಕಡಲತೀರಕ್ಕೆ ಹೋಗುವ ದಾರಿ. ಸಣ್ಣಗೆ ಮಳೆ ಹನಿಯುತ್ತಿತ್ತು.

ಅಲ್ಲಿ ಒಂದು ಬೇಲಿಯ ಹತ್ತಿರ ಅಪ್ಪ ಸೈಕಲ್ ಇಳಿದ. ಎತ್ತರದ ಮರಗಳು, ಬುಡದಲ್ಲಿ ವೀಳ್ಯದೆಲೆ ಬಳ್ಳಿ. ಒಬ್ಬ ಮುದುಕ ಹೊರಗೆ ಬಂದ. ನಾನು ಫೋನ್ ತೆಗೆದು ಅನುವಾದದ ಆ್ಯಪ್ ತೆರೆಯುತ್ತಿದ್ದೆ. ಅಷ್ಟರಲ್ಲಿ ಅಪ್ಪ ಮರ ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ಕವಳದ, ಅಂದರೆ ಎಲೆ ಅಡಿಕೆಯ, ಸಂಚಿಯಿಂದ ಒಂದು ಚಾಲಿ ಅಡಿಕೆ (ಒಣಗಿಸಿ ಸುಲಿದದ್ದು) ತೆಗೆದು ಅವನ ಅಂಗೈಯಲ್ಲಿ ಇಟ್ಟಾಗಿತ್ತು. ಮುದುಕ ಅದನ್ನು ತಿರುಗಿಸಿ ನೋಡಿದ, ಮೂಸಿದ, ಒಳಗೆ ತಿರುಗಿ ಜೋರಾಗಿ ಕೂಗಿದ. ಹೆಂಡತಿ ಬಂದಳು. ಪಕ್ಕದ ಮನೆಯವರೂ ಬಂದರು. ಕುರ್ಚಿ ಬಂತು, ಟವೆಲ್ ಬಂತು, ಬಿಸಿ ಚಹಾ ಬಂತು. ನಮ್ಮ ಮನೆಗಳಲ್ಲಿ ಬಂದವರಿಗೆ ಮೊದಲು "ಆಸರಿಗೆ ಎಂತ ಬೇಕು", ಅಂದರೆ ಕುಡಿಯಲು ಏನು ಬೇಕು, ಎಂದು ಕೇಳುವ ಹಾಗೆ, ನೀವು ಯಾರು ಎನ್ನುವ ವಿಚಾರಣೆಯೆಲ್ಲ ಆಮೇಲೆ.

ಅಂದು ಮಾಘ ಹುಣ್ಣಿಮೆ. ಅವರ ಚಾಂದ್ರಮಾನ ವರ್ಷದ ಮೊದಲ ಹುಣ್ಣಿಮೆಯೂ ಅದೇ. ದೇವರ ಪೀಠದ ಮೇಲೆ ಹೂವು, ಬಾಳೆಹಣ್ಣು, ಹಸಿರು ಅಡಿಕೆಯ ಗೊಂಚಲು, ಎಲೆ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈ ಮುಗಿದ. ಊಟಕ್ಕೆ ಕರೆದಾಗ ನಾನು, ನಾವು ಮೀನು ಮಾಂಸ ತಿನ್ನುವುದಿಲ್ಲ ಎಂದು ಅವರ ಭಾಷೆಯಲ್ಲಿ ಬರೆಸಿಟ್ಟುಕೊಂಡಿದ್ದ ಚೀಟಿ ತೋರಿಸಿದೆ. ಅಜ್ಜಿ ಓದಿ ನಕ್ಕಳು. ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳು. ಅಮಾವಾಸ್ಯೆ ಹುಣ್ಣಿಮೆಗೆ ಅಲ್ಲಿ ಎಷ್ಟೋ ಬೌದ್ಧ ಮನೆಗಳಲ್ಲಿ ಸಸ್ಯಾಹಾರವೇ. ತೋಫು, ಅಣಬೆ, ಸೊಪ್ಪು. ಎಳೆ ಹಲಸಿನಕಾಯಿ ಬೇಯಿಸಿ ಎಳ್ಳು, ಶೇಂಗಾ ಹಾಕಿ ಕಲಸಿದ್ದು ಬೇರೆ. ಅಪ್ಪ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡ.

ಊಟ ಆದ ಮೇಲೆ ಅಜ್ಜಿ ಕವಳಕ್ಕೆ ಕೂತಳು. ಅಲ್ಲಿ ಹಸಿ ಅಡಿಕೆಯನ್ನೇ ಹೋಳು ಮಾಡಿ ಎಲೆ, ಸುಣ್ಣದ ಜೊತೆ ತಿನ್ನುತ್ತಾರೆ. ಅಜ್ಜಿಗೆ ಹಲ್ಲಿಲ್ಲ. ಸಣ್ಣದೊಂದು ಕುಟ್ಟಾಣಿ ತೆಗೆದು ಕುಟ್ಟತೊಡಗಿದಳು. ಅಪ್ಪ ಮಾತೇ ಆಡಲಿಲ್ಲ ಸ್ವಲ್ಪ ಹೊತ್ತು. ನನ್ನ ಅಜ್ಜಿ, ಅಂದರೆ ಅವನ ಅಮ್ಮ, ಕೊನೆಯವರೆಗೂ ಜಗಲಿಯಲ್ಲಿ ಕೂತು ಹೀಗೇ ಕುಟ್ಟುತ್ತಿದ್ದಳು. ಈ ಅಜ್ಜಿಗೆ ಅದೆಲ್ಲ ಗೊತ್ತಿಲ್ಲ, ಆದರೆ ಅವಳು ಅಪ್ಪನ ಮುಖ ನೋಡಿದಳು. ಕುಟ್ಟಾಣಿ ಅವನ ಕೈಗೆ ಕೊಟ್ಟು, ನೀನೇ ಕುಟ್ಟು ಎಂದು ಸನ್ನೆ ಮಾಡಿದಳು. ಅಪ್ಪ ಕುಟ್ಟಿಕೊಟ್ಟ. ಅವಳು ತಿಂದಳು.

ಆಮೇಲೆ ಇಬ್ಬರು ಬೆಳೆಗಾರರೂ ತೋಟಕ್ಕೆ ಇಳಿದರು. ಮಳೆಯಲ್ಲೇ. ಅಪ್ಪ ಹೆಜ್ಜೆ ಹಾಕಿ ಮರದಿಂದ ಮರಕ್ಕೆ ಎಷ್ಟು ದೂರ ಬಿಡುತ್ತೇವೆ ಅಂತ ತೋರಿಸಿದ. ಮುದುಕ ಮರ ಹತ್ತುವಾಗ ಕಾಲಿಗೆ ಸಿಕ್ಕಿಸುವ ಹಗ್ಗದ ಕುಣಿಕೆ ತಂದು ತೋರಿಸಿದ, ಮರ ಹತ್ತಿ ಅಡಿಕೆ ಕೊಯ್ಯುವ ನಮ್ಮ ಕೊನೆಗೌಡರ ಹತ್ತಿರ ಇರುವುದೂ ಅಂಥದ್ದೇ. ನಾನು ಫೋನ್ ಚೀಲಕ್ಕೆ ಹಾಕಿದೆ. ಬಸ್ ಸಮಯಕ್ಕೆ, ಔಷಧದ ಅಂಗಡಿಗೆ ಆ್ಯಪ್ ಬೇಕೇ ಬೇಕು. ಇಲ್ಲಿ ಮಾತ್ರ ನಾನು ನಡುವೆ ಬಾಯಿ ಹಾಕಿದ್ದರೆ ಕೆಡುತ್ತಿತ್ತು.

ಸಂಜೆ ಹೊರಟಾಗ ಮಳೆ ಜೋರಾಯಿತು, ಗೇಟಿನ ಹತ್ತಿರವೇ ಅಪ್ಪನ ಸೈಕಲ್ಲಿನ ಸರಪಳಿ ತುಂಡಾಯಿತು. ಪಕ್ಕದ ಮನೆಯ ಹುಡುಗ ಸ್ಕೂಟರ್ ತಂದ. ಅಲ್ಲಿ ಇಬ್ಬರಿಗೆ ಸೇರಿ ಒಂದೇ ರೇನ್‌ಕೋಟ್ ಸಿಗುತ್ತದೆ, ತಲೆಗೆ ಎರಡು ಟೊಪ್ಪಿ ಇರುವಂಥದ್ದು. ಅದರೊಳಗಿಂದ ಆ ಹುಡುಗನ ತಲೆ, ಹಿಂದೆ ಅಪ್ಪನ ತಲೆ. ಅವನ ಅಕ್ಕ ನನ್ನನ್ನು ಕೂರಿಸಿಕೊಂಡಳು. ಇಳಿದ ಮೇಲೆ ಎರಡು ಲಕ್ಷ ಡಾಂಗ್, ಅಂದರೆ ನಮ್ಮ ಏಳುನೂರು ರೂಪಾಯಿ ಹತ್ತಿರ, ಕೊಡಲು ಹೋದೆ. ಅವಳು ನನ್ನ ಮುಷ್ಟಿ ಮಡಚಿ ನನ್ನದೇ ಜೇಬಿಗೆ ತುರುಕಿದಳು. ಮರುದಿನ ಬೆಳಿಗ್ಗೆ ನೋಡಿದರೆ ಎರಡೂ ಸೈಕಲ್ ಬಾಗಿಲಲ್ಲಿ ನಿಂತಿವೆ. ಹೊಸ ಸರಪಳಿ ಹಾಕಿ ಎಣ್ಣೆ ಬಿಟ್ಟಿದ್ದರು.

ಭಾಷೆ ಬರದವರಿಗೆ ಸಹಾಯ ಮಾಡುವುದು ಸುಲಭ ಅಲ್ಲ. ಏನು ಬೇಕು ಅಂತ ಕೇಳಲು ಆಗುವುದಿಲ್ಲ. ನೋಡಿಯೇ ತಿಳಿಯಬೇಕು. ರೈಲಿನ ಹುಡುಗ ಮೊಣಕಾಲು ನೋಡಿದ, ಆ ತಾಯಿ ಚಾಚಿದ ಕತ್ತು ನೋಡಿದಳು, ಹೋಮ್‌ಸ್ಟೇ ಹುಡುಗಿ ದಿನಾ ಒಬ್ಬ ಮನುಷ್ಯ ಮರದ ಕೆಳಗೆ ನಿಲ್ಲುವುದನ್ನು ನೋಡಿದಳು. ಅಷ್ಟು ಗಮನವಿಟ್ಟು ಯಾರಾದರೂ ನಮ್ಮನ್ನು ನೋಡಿದರೆ ಪರದೇಶದಲ್ಲಿ ಎಂಥ ಧೈರ್ಯ ಬರುತ್ತದೆ ಎಂದು ನನಗೆ ಅಲ್ಲೇ ಗೊತ್ತಾಗಿದ್ದು. ನಮ್ಮ ಮನೆ ಮುಂದಿನ ದಾರಿಯಲ್ಲೂ ಗೋಕರ್ಣದಿಂದ ಬಾಡಿಗೆ ಬೈಕಿನಲ್ಲಿ ಯಾಣಕ್ಕೆ ಹೋಗುವ ವಿದೇಶಿಯರು ದಾರಿ ತಪ್ಪಿ ಬಂದು ನಿಲ್ಲುತ್ತಾರೆ. ಅಮ್ಮ ಮೊದಲಿನಿಂದಲೂ ಮಜ್ಜಿಗೆ ಕೊಡುತ್ತಾಳೆ. ಈಗ ಅಪ್ಪನೂ ಗೇಟಿಗೆ ಹೋಗುತ್ತಾನೆ, ಒಳಗೆ ಕರೆದು ಕೂರಿಸುತ್ತಾನೆ, ಮೊದಲು ಅವರ ಕಾಲು, ಬೈಕಿನ ಟೈರು, ಮುಖ ಎಲ್ಲ ನೋಡುತ್ತಾನೆ.

ಸ್ಕೂಟರಿನ ಹುಡುಗ ಅಪ್ಪನ ಫೋನಿಗೆ ಝಾಲೊ ಹಾಕಿಕೊಟ್ಟಿದ್ದ. ಅದು ಅಲ್ಲಿಯವರ ವಾಟ್ಸ್ಆ್ಯಪ್. ಕೊನೆ, ಹಿಂಗಾರ, ಕೊಳೆರೋಗಕ್ಕೆ ಮದ್ದು ಹೊಡೆಯುವುದು, ಎಲ್ಲ ಫೋಟೊ ಹೋಗುತ್ತಿತ್ತು, ಬರುತ್ತಿತ್ತು. 2025ರ ಅಕ್ಟೋಬರ್ ಕೊನೆಯಲ್ಲಿ ಹುಯೆಯಲ್ಲಿ ದೊಡ್ಡ ನೆರೆ ಬಂತು. ಅಪ್ಪ ಫೋಟೊ ಕಳಿಸಿದ, ಉತ್ತರ ಇಲ್ಲ. ಊಟ ಸರಿಯಾಗಿ ಮಾಡಲಿಲ್ಲ. ಕೊನೆಗೂ ಒಂದು ಚಿತ್ರ ಬಂತು: ಮುದುಕ ಮರಕ್ಕೆ ಕೈ ಇಟ್ಟು, ನೀರು ಇಲ್ಲಿಯವರೆಗೆ ಬಂದಿತ್ತು ಎಂದು ತೋರಿಸುತ್ತಿದ್ದ. ಅಜ್ಜಿ ಹಿಂದೆ ನಿಂತಿದ್ದಳು.

ಅಪ್ಪ ಅವತ್ತೇ ಹಾಳೆ ತೆಗೆದುಕೊಂಡು ಕೂತ. ನೀರು ನಿಂತರೆ ಅಡಿಕೆ ಬೇರು ಕೊಳೆಯುತ್ತದೆ, ಬಸಿಗಾಲುವೆ ಬೇಕು. ಎರಡು ಸಾಲಿನ ನಡುವೆ ಎಲ್ಲಿ ತೋಡಬೇಕು, ಎಷ್ಟು ಆಳ, ನೀರು ಯಾವ ಕಡೆ ಇಳಿಯಬೇಕು, ಎಲ್ಲ ಗೆರೆ ಎಳೆದು, ಬಾಣ ಹಾಕಿ, ಫೋಟೊ ತೆಗೆದು ಕಳಿಸಿದ. ಮುದುಕ ಅದಕ್ಕೆ ತನ್ನ ಗೆರೆಗಳನ್ನು ಸೇರಿಸಿ ತಿರುಗಿ ಕಳಿಸಿದ. ಅದನ್ನು ನೋಡಿ ಅಪ್ಪನಿಗೆ ಸಮಾಧಾನ ಇಲ್ಲ. ಇದು ಇಲ್ಲಿ ಕೂತು ಆಗುವ ಕೆಲಸ ಅಲ್ಲ, ಹೋಗಿಯೇ ನೋಡಬೇಕು ಎನ್ನುತ್ತಾನೆ. ಈ ಸಲದ ಕೊಯ್ಲು ಮುಗಿದ ಮೇಲೆ ಹೊರಡುವುದು. ಅಮ್ಮನೂ ಬರುತ್ತಾಳಂತೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇವೆ.