ನಾವೇನ್ ಜಗಳಾ ಮಾಡೀವೇನ್ರಿ?

ಮಂಗಳವಾರ ರಾತ್ರಿಯಿಂದ ಆ ಹೆಂಗಸಿನ ಮಾತು ತಲೆಯಿಂದ ಇಳಿಯುತ್ತಿಲ್ಲ. "ಬ್ಯಾರೆ ಬ್ಯಾರೆ ಮಲಗ್ಲಾಕ ನಾವೇನ್ ಜಗಳಾ ಮಾಡೀವೇನ್ರಿ, ಅಕ್ಕೋರೆ?"

ಮುಂಬಯಿಯ ಮಾಟುಂಗಾ ಮಾರ್ಕೆಟ್ಟಿನಿಂದ ತರಕಾರಿ ಹಿಡಿದು ಬರುತ್ತಿದ್ದೆ. ಫ್ಲೈಓವರ್ ಕೆಳಗಿನ ಯಾದಗಿರಿ ಕಡೆಯ ಸಂಸಾರದ ಸುತ್ತ ನಾಲ್ಕಾರು ಜನ ನಿಂತಿದ್ದರು. ವಾರ್ಡಿನ ಸಾಹೇಬರು, ಇಬ್ಬರು ಸಿಪಾಯಿಗಳು, ಸಂಸ್ಥೆಯೊಂದರ ಹುಡುಗಿ. ಮಳೆ ಹಿಡಿಯುವುದರೊಳಗೆ ಇವರನ್ನು ನಿವಾರಾ ಕೇಂದ್ರಕ್ಕೆ, ಅಂದರೆ ಮನೆಯಿಲ್ಲದವರ ಆಶ್ರಯಕ್ಕೆ, ಸೇರಿಸಬೇಕಂತೆ. ಗಂಡ ಕೇಬಲ್ ಗುಂಡಿ ತೋಡುವ ಕೆಲಸದಿಂದ ಇನ್ನೂ ಬಂದಿಲ್ಲ, ಇವಳಿಗೆ ಹಿಂದಿ ಅಷ್ಟಕ್ಕಷ್ಟೆ. ಹುಡುಗಿ ನನ್ನನ್ನು ಕಂಡವಳೇ, "ಕಾಕೂ, ತುಮ್ಹಿ ಕಾನಡಿ ನಾ?" (ನೀವು ಕನ್ನಡದವರಲ್ಲವೇ?) ಎಂದು ಮಧ್ಯಸ್ಥಿಕೆಗೆ ಎಳೆದಳು.

ಹೇಳಿದೆ. ಗಂಡಸರ ಕೇಂದ್ರ ಒಂದು ಕಡೆ, ಹೆಂಗಸರು ಮಕ್ಕಳದ್ದು ಇನ್ನೊಂದು ಕಡೆ. ಊಟ, ಫ್ಯಾನು, ನೀರು ಎಲ್ಲ ಇದೆ, ದುಡ್ಡು ಕೊಡಬೇಕಿಲ್ಲ. ಅದಕ್ಕೇ ಅವಳು ಹಾಗೆ ಕೇಳಿದ್ದು. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ. ನಾನು ಮರಾಠಿಯಲ್ಲಿ ಹೇಳಿದಾಗ ಸಾಹೇಬರಿಗೂ ನಗು ಬಂತು. ಆಮೇಲೆ ಫಾರ್ಮಿನಲ್ಲಿ 'ನಿರಾಕರಿಸಿದ್ದಾರೆ' ಎಂದು ಬರೆದರು. ಆತ ಕೆಟ್ಟ ಮನುಷ್ಯನಲ್ಲ. ಮಗುವಿನ ಕೆಮ್ಮು ಕೇಳಿ ಪಾಲಿಕೆ ದವಾಖಾನೆಗೆ ಚೀಟಿ ಬರೆದುಕೊಟ್ಟದ್ದೂ ಆತನೇ. ಆದರೆ ನಿರಾಕರಿಸಿದ್ದು ಯಾರು? ಅವಳು ಕೇಳಿದ್ದು ಒಂದು ಪ್ರಶ್ನೆ, ಅದಕ್ಕೆ ಉತ್ತರ ಯಾರೂ ಕೊಡಲಿಲ್ಲ.

ಮನೆಗೆ ಬಂದು ಕುತೂಹಲಕ್ಕೆ ನಿಯಮ ಓದಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಸಂಸಾರಗಳಿಗೇ ಬೇರೆ ಆಶ್ರಯ ಇರಬಹುದೆಂದು ಸ್ಪಷ್ಟವಾಗಿದೆ. ತಲೆಗೆ 50 ಚದರಡಿ ಜಾಗ, ಇಪ್ಪತ್ನಾಲ್ಕು ಗಂಟೆಯೂ ತೆರೆದಿರಬೇಕು, ಆದಷ್ಟೂ ಅವರು ದುಡಿಯುವ ಜಾಗದ ಹತ್ತಿರವೇ ಇರಬೇಕು. ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಹಿಡಿಸುವ ಒಂದು ಆಶ್ರಯ. 2011ರ ಜನಗಣತಿಯ ಲೆಕ್ಕದಲ್ಲೇ ಮುಂಬಯಿ 1.24 ಕೋಟಿ, ಅಂದರೆ ಕಡಿಮೆಯೆಂದರೂ 124 ಬೇಕು. ನಾವು ಅದರ ಹತ್ತಿರಕ್ಕೂ ಬಂದಿಲ್ಲ. ದುಡ್ಡಿಲ್ಲವೇ? 2025-26ರ ಪಾಲಿಕೆ ಬಜೆಟ್ಟು 74 ಸಾವಿರ ಕೋಟಿ ದಾಟಿದೆ.

ದುಡಿಯುವ ಜಾಗದ ಹತ್ತಿರ ಎಂಬುದೇ ಮುಖ್ಯ. ಬೆಳಿಗ್ಗೆ ಏಳಕ್ಕೆ ಕೂಲಿಯವರನ್ನು ಆರಿಸುವ ನಾಕಾದಲ್ಲಿ ನಿಲ್ಲದಿದ್ದರೆ ಅಂದಿನ ಕೂಲಿ ಹೋಯಿತು. 1981ರಲ್ಲಿ ಮಹಾರಾಷ್ಟ್ರದ ಅಂತುಲೆ ಸರ್ಕಾರ ಫುಟ್‌ಪಾತಿನವರನ್ನು ಎತ್ತಿ ಊರಿಗಟ್ಟಲು ಹೊರಟಾಗ ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತಲ್ಲ, 1985ರ ತೀರ್ಪು ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದಿತು. ಕೆಲಸ ಇರುವಲ್ಲಿ ಜನ ಮಲಗುತ್ತಾರೆ ಎಂದು ಒಪ್ಪಿತು. ಹಾಗೆಂದು ಫುಟ್‌ಪಾತಿನಲ್ಲಿ ಮಲಗುವ ಹಕ್ಕನ್ನೇನೂ ಕೊಡಲಿಲ್ಲ.

ನಮ್ಮ ಅಪ್ಪ ಕುಂದಾಪುರದಿಂದ ಬಂದು ಫೋರ್ಟ್‌ನ ಹೋಟೆಲಿನಲ್ಲಿ ಕಪ್ಪು ತೊಳೆದವರು. ರಾತ್ರಿ ಕುರ್ಚಿ ಎತ್ತಿಟ್ಟ ಮೇಲೆ ಅದೇ ಮೇಜುಗಳ ಮೇಲೆ ಹಾಸಿಗೆ. ಸಂಜೆ ಕನ್ನಡ ರಾತ್ರಿ ಶಾಲೆ. ಅವರೂ ಅವರ ಜೊತೆಯ ಹುಡುಗರೂ ಯಾವ ಗಣತಿಯಲ್ಲೂ ಮನೆಯಿಲ್ಲದವರೆಂದು ಸೇರಿರಲಿಕ್ಕಿಲ್ಲ. ಧಣಿಗಳು ಧರ್ಮಾತ್ಮರೇನಲ್ಲ, ಸಂಬಳದಲ್ಲಿ ಚೌಕಾಶಿ ಮಾಡುತ್ತಿದ್ದರು. ಆದರೆ ಕೆಲಸ, ಊಟ, ಸೂರು ಮೂರೂ ಒಂದೇ ಕಡೆ ಇದ್ದವು. ಅಪ್ಪ ಮೆಟ್ರಿಕ್ ಪಾಸಾಗಿ ಬ್ಯಾಂಕು ಸೇರಿದ್ದು ಆ ಮೇಜಿನಿಂದ. ಈ ಹೆಂಗಸಿನ ಗಂಡನಿಗೆ ಕೆಲಸ ಕೊಡುವ ಕಾಂಟ್ರಾಕ್ಟರಿಗೆ ಅವನ ಹೆಸರೂ ಗೊತ್ತಿರಲಿಕ್ಕಿಲ್ಲ. ಹಾಗಾಗಿ ಸೂರಿನ ಹೊಣೆ ಪಾಲಿಕೆಯ ತಲೆಗೆ ಬಂದಿದೆ. ಪಾಲಿಕೆಗೋ ಹಾಸಿಗೆ ಎಣಿಸುವುದು ಗೊತ್ತು, ಸಂಸಾರ ಎಣಿಸುವುದು ಗೊತ್ತಿಲ್ಲ.

ಅಂದಹಾಗೆ, ವಾರ್ಡಿನವರನ್ನು ಕರೆಸಿದ್ದು ನಮ್ಮ ಬಿಲ್ಡಿಂಗಿನ ಸೆಕ್ರೆಟರಿ. ಕಳೆದ ವಾರವೇ ಕಾಂಪ್ಲೇಂಟು ಹಾಕಿದ್ದರಂತೆ. ದಸರೆಗೆ ಅನ್ನದಾನದ ಚೀಟಿ ಹಿಡಿದು ಮೊದಲು ಮನೆಮನೆಗೆ ಬರುವವರೂ ಇವರೇ. ಲಿಫ್ಟಿನಲ್ಲಿ ಸಿಕ್ಕಾಗ, "ಪಾಪ, ಒಳ್ಳೆ ಜಾಗ ಕೊಟ್ರೂ ಹೋಗೋದಿಲ್ಲ ಅಂದ್ರಂತಲ್ಲ ಮೇಡಂ" ಎಂದರು. ಅವಳು ಕೇಳಿದ್ದನ್ನು ಹೇಳಿದೆ. ಅವರೂ ನಕ್ಕರು. ಈ ಮಾತಿಗೆ ಎಲ್ಲರೂ ಯಾಕೆ ನಗುತ್ತಾರೋ.

ನನಗೆ ತೋಚಿದ್ದನ್ನೂ ಹೇಳಿಬಿಟ್ಟೆ. ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಾ ಬಂದಿದ್ದಾರೆ. ನಮ್ಮ ಹಿಂದಿನ ಬೀದಿಯ ಶಾಲೆಯಲ್ಲೇ ಮೇಲಿನ ಕೋಣೆಗಳಿಗೆ ಬೀಗ. ಹಗಲು ಶಾಲೆಯ ಕಟ್ಟಡದಲ್ಲೇ ಎಷ್ಟೋ ರಾತ್ರಿ ಶಾಲೆಗಳು ನಡೆದಿಲ್ಲವೇ? ಹಾಗೆಯೇ ಮಳೆಗಾಲ ಮುಗಿಯುವವರೆಗಾದರೂ ಒಂದೊಂದು ಸಂಸಾರಕ್ಕೆ ಒಂದೊಂದು ಕೋಣೆ ಕೊಡಲಿ. ಮಕ್ಕಳು ಬೆಳಿಗ್ಗೆ ಅಲ್ಲೇ ಕೆಳಗಿಳಿದು ಕ್ಲಾಸಿಗೆ ಕೂರಬಹುದು. ಸೊಸೈಟಿ ಲೆಟರ್‌ಹೆಡ್ಡಿನಲ್ಲಿ ವಾರ್ಡಿಗೆ ಬರೆಯೋಣ, ಕಾಂಪ್ಲೇಂಟು ಬರೆದ ಕೈಯಿಂದಲೇ ಬರೆಯಿರಿ ಎಂದೆ.

ಸೆಕ್ರೆಟರಿ ಗಂಭೀರವಾಗಿ ಯೋಚಿಸಿದರು. ಐಡಿಯಾ ಒಳ್ಳೆಯದೇ, ಎಂದರು. "ಆದ್ರೆ ಮೇಡಂ, ಆ ಶಾಲೆ ನಮ್ಮ ಬಿಲ್ಡಿಂಗ್‌ಗೆ ಇನ್ನೂ ಹತ್ತಿರ ಅಲ್ವಾ?"