ಘಾಟಿ ಇಳಿಯುವಾಗ ಆಟೋಮ್ಯಾಟಿಕ್ ಕಾರಿನ ಗೇರು ಎಲ್ಲಿರಬೇಕು?

ಕೊಡಗಿನ ಭಾಗಮಂಡಲದಿಂದ ಕರಿಕೆ ದಾಟಿ ಕಾಸರಗೋಡಿನ ಪಾಣತ್ತೂರಿಗೆ ಇಳಿಯುವಾಗ ಗೇರನ್ನು ಡಿಯಲ್ಲೇ (ಡ್ರೈವ್, ಮಾಮೂಲಿ ಓಟದ ಸ್ಥಾನ) ಬಿಟ್ಟು, ಬರೀ ಬ್ರೇಕ್ ಮೇಲೆ ಬರುವವರಿದ್ದಾರೆ. ಕೆಳಗೆ ತಲುಪುವಷ್ಟರಲ್ಲಿ ಚಕ್ರದಿಂದ ಸುಟ್ಟ ವಾಸನೆ. ದೋಷ ಬ್ರೇಕಿನದಲ್ಲ. ಡಿಯಲ್ಲಿ ವೇಗ ಏರಿದಂತೆ ಗೇರ್‌ಬಾಕ್ಸ್ ತಾನಾಗಿಯೇ ಮೇಲಿನ ಗೇರಿಗೆ ಹೋಗುತ್ತದೆ. ಅಲ್ಲಿ ಎಂಜಿನ್ನಿನ ಹಿಡಿತ ಕಡಿಮೆ, ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ.

ಲಿವರಿನ ಎಲ್ (ಲೋ, ಕೆಳಗಿನ ಗೇರು), 2 (ಎರಡನೇ ಗೇರು), ಎಂ (ಮ್ಯಾನುಯಲ್, ಗೇರನ್ನು ನಾವೇ ಆರಿಸುವುದು) ಇರುವುದು ಇಂಥ ಕಡೆಗೇ. ಸಿವಿಟಿ (ಮೆಟ್ಟಿಲಿನಂಥ ಗೇರುಗಳಿಲ್ಲದ ಆಟೋಮ್ಯಾಟಿಕ್) ಕಾರಿನಲ್ಲಿ ಎಲ್ ಅಥವಾ ಬಿ (ಎಂಜಿನ್ ಬ್ರೇಕಿನ ಸ್ಥಾನ). ಎಸ್ (ಸ್ಪೋರ್ಟ್) ಮಾತ್ರ ಇದ್ದರೆ ಅದೂ ತಕ್ಕಮಟ್ಟಿಗೆ ಹಿಡಿಯುತ್ತದೆ. ಇಳಿಜಾರು ಶುರುವಾಗುವ ಮೊದಲೇ, ನೇರ ರಸ್ತೆಯಲ್ಲಿ, ವೇಗ ತಗ್ಗಿಸಿ ಗೇರು ಇಳಿಸಿ. ಹೇರ್‌ಪಿನ್ ತಿರುವಿನ ನಡುವೆ ಬೇಡ. ಮಳೆಯಲ್ಲಿ ಚಕ್ರ ಜಾರೀತು. ಎಂಜಿನ್ 3000 ಆರ್‌ಪಿಎಂ ದಾಟಿ ಕೂಗಿದರೆ ಗಾಬರಿಯಾಗಬೇಡಿ, ಮುಳ್ಳು ಕೆಂಪು ಗೆರೆಗೆ ಹೋಗದಿದ್ದರೆ ಸಾಕು. ಆಗಲೂ ವೇಗ ಏರಿದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಪೆಡಲ್ ಮೇಲೆ ಕಾಲು ಊರಿಕೊಂಡೇ ಬಂದರೆ ಪ್ಯಾಡಿಗೆ ತಣಿಯಲು ಸಮಯವೇ ಇಲ್ಲ.

ಪೆಡಲ್ ಮೆತ್ತಗಾಯಿತೆಂದರೆ ಬ್ರೇಕ್ ಆಯಿಲ್ ಕುದಿಯುತ್ತಿರಬಹುದು. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕಾಸರಗೋಡಿನ ಮಳೆಗಾಲ ಗೊತ್ತಲ್ಲ, ಎರಡು ವರ್ಷಕ್ಕೊಮ್ಮೆ ಬದಲಿಸಿಬಿಡಿ.

ಇಳಿಜಾರಿನಲ್ಲಿ ಎನ್‌ಗೆ (ನ್ಯೂಟ್ರಲ್) ಹಾಕಿ ಪೆಟ್ರೋಲ್ ಉಳಿಸುವ ಜಾಣತನವಂತೂ ಬೇಡವೇ ಬೇಡ. ಉಳಿಯುವುದೂ ಇಲ್ಲ: ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಳಿಜಾರಿನಲ್ಲಿ ಇಂಜೆಕ್ಟರ್ ಇಂಧನ ಬಿಡುವುದನ್ನೇ ನಿಲ್ಲಿಸುತ್ತದೆ, ಎನ್‌ನಲ್ಲಿ ಎಂಜಿನ್ ಕುಡಿಯುತ್ತಲೇ ಇರುತ್ತದೆ.

ಇನ್ನು ಪಿ, ಅಂದರೆ ಪಾರ್ಕಿಂಗ್. ಗುಡ್ಡದ ಮನೆಗಳ ಓರೆ ಅಂಗಳದಲ್ಲಿ ನಿಲ್ಲಿಸಿ ನೇರ ಪಿಗೆ ಹಾಕಿದರೆ ಗಾಡಿಯ ಇಡೀ ಭಾರ ಗೇರ್‌ಬಾಕ್ಸ್ ಒಳಗಿನ ಸಣ್ಣ ಕೊಕ್ಕೆಯೊಂದರ ಮೇಲೆ ಕೂರುತ್ತದೆ. ಮರುದಿನ ಲಿವರ್ ಬಿಗಿ, ಎಳೆದರೆ 'ಠಕ್' ಸದ್ದು. ಬ್ರೇಕ್ ಒತ್ತಿ ಎನ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆಯಿರಿ. ಬ್ರೇಕನ್ನು ನಿಧಾನ ಬಿಟ್ಟು ಗಾಡಿ ಹ್ಯಾಂಡ್‌ಬ್ರೇಕಿನ ಮೇಲೆ ನಿಂತದ್ದು ಖಾತ್ರಿಯಾದ ಮೇಲೆ, ಪುನಃ ಬ್ರೇಕ್ ಒತ್ತಿ ಪಿಗೆ ಹಾಕಿ.

ಹೆಚ್ಚಿನ ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸಿನ ಕ್ಲಚ್, ಗೇರುಗಳನ್ನು ಯಂತ್ರವೇ ಬದಲಿಸುವ) ಕಾರುಗಳಲ್ಲಿ ಪಿ ಇರುವುದೇ ಇಲ್ಲ. ಅವುಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೂತಿ ಮೇಲಕ್ಕಿದ್ದರೆ ಮೊದಲ ಗೇರು, ಕೆಳಕ್ಕಿದ್ದರೆ ಆರ್ (ರಿವರ್ಸ್) ಹಾಕಿಟ್ಟೇ ಎಂಜಿನ್ ಆಫ್ ಮಾಡಬೇಕು. ಚಡಾವಿನಲ್ಲಿ ಆಕ್ಸಿಲರೇಟರ್ ಅದುಮಿ ಗಾಡಿ ಹಿಡಿದು ನಿಲ್ಲಿಸಬೇಡಿ, ಕ್ಲಚ್ ಸುಡುತ್ತದೆ. ಹ್ಯಾಂಡ್‌ಬ್ರೇಕ್ ಸಡಿಲವಿದ್ದರೆ ರಿಪೇರಿ ಆಗುವವರೆಗೆ ಚಕ್ರದಡಿಗೆ ಒಂದು ಮುರಕಲ್ಲು ಇಡಿ.